ಬಾರದವಳು ತೊಳೆದ ಸಾಲು

“ನೀನು ಇವತ್ತು ಬಂದೇ ಇಲ್ಲ ಕಣಮ್ಮ” ಎಂದ ಸೂಪರ್‌ವೈಸರ್ ಓಬಳರಾಜು, ಪುಟ್ಟಕ್ಕನ ಮುಖ ನೋಡಿಕೊಂಡೇ.

ಪುಟ್ಟಕ್ಕನ ಕೈಯಲ್ಲಿ ಉದ್ದ ಕೋಲಿನ ಬ್ರಷ್ ಇತ್ತು. ಅದರಿಂದ ತೊಟ್ಟಿಕ್ಕಿದ ನೀರಿಗೆ ಅವಳ ಸೀರೆಯ ಅಂಚು ಒದ್ದೆಯಾಗಿತ್ತು, ಅವನ ಬೂಟಿನ ತುದಿಯೂ ಒದ್ದೆಯಾಗಿತ್ತು. ಬೆಳಗಿನಿಂದ ಅವಳು ತೊಳೆದ ಸೋಲಾರ್ ಫಲಕಗಳ ಸಾಲು ಬೆನ್ನ ಹಿಂದೆ ಹೊಳೆಯುತ್ತಿತ್ತು.

“ಬರ್ದೆ ಇನ್ನೆಂಗಣ್ಣ ನಿನ್ನ ಮುಂದೆ ನಿಂತಿದೀನಿ?”

“ನಿಂತ್ರೆ ಆಯ್ತಾ? ಫೋನಾಗೆ ಮುಖ ಹತ್ಬೇಕು. ನಿಂದು ಹತ್ತಿಲ್ಲ. ಸಿಸ್ಟಮ್‌ನಾಗೆ ನೀನು ಗೈರು. ನೇನೇಮಿ ಚೇಯಾಲಿ?”

ನಾನೇನು ಮಾಡಲಿ ಅಂತ ಜವಾಬ್ದಾರಿ ಜಾರಿಸಬೇಕಾದಾಗಲೆಲ್ಲ ಓಬಳರಾಜುವಿಗೆ ತೆಲುಗು ಬರುತ್ತಿತ್ತು.

“ಅಂಗಾದ್ರೆ ಮನೆಗೋಗ್ಲಾ?”

“ಮನೆಗ್ಯಾಕೋಗ್ತೀಯ? ಹೆಂಗೂ ಬಂದ್ಬುಟ್ಟಿದೀಯ. ಇನ್ನೊಂದು ಸಾಲು ತೊಳ್ದಾಕು.”

ಪಕ್ಕದ ಸಾಲಿನಲ್ಲಿದ್ದ ನನಗೆ ನಗುವೂ ಬಂತು, ಕೆಟ್ಟ ಸಿಟ್ಟೂ ಬಂತು. ಪುಟ್ಟಕ್ಕ ಟ್ಯಾಂಕರಿನ ಪೈಪು ಎಳೆದುಕೊಂಡು ಮುಂದಿನ ಸಾಲಿಗೆ ಹೋದಳು.

ನಾವೆಲ್ಲ ನಾಗಲಮಡಿಕೆ ಕಡೆಯ ಹಳ್ಳಿಗಳಿಂದ ಬರುವ ಹೆಂಗಸರು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದಂತೆ, ಅದಕ್ಕೇ ಬೆಳಕು ಹರಿಯುವಷ್ಟರಲ್ಲಿ ಕೆಲಸ ಶುರುವಾಗಬೇಕು. ಬಿಸಿಲೇರಿದ ಮೇಲೆ ಫಲಕಗಳ ಕೆಳಗೆ ಕೂತು ಕಳೆ ಕೀಳಬೇಕು. ನಮ್ಮ ಊರಿನ ನಲ್ಲಿಗೆ ನೀರು ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಗಾಜಿಗೆ ಮಾತ್ರ ದಿನಾ ಟ್ಯಾಂಕರ್ ಬರುತ್ತದೆ. ಆ ನೀರು ಸುರಿದು ಸುರಿದು ಫಲಕಗಳ ಕೆಳಗೆ ಬೇಸಗೆಯಲ್ಲೂ ಹುಲ್ಲು ಹಸಿರಾಗಿರುತ್ತದೆ. ಬೇಲಿಯಾಚೆ ಬರೀ ಕೆಂಪು ನೆಲ.

ಆ ಹುಲ್ಲು ಕಂಡರೆ ಪುಟ್ಟಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ಅವರದು ಕುರಿ ಕಾಯುವ ಮನೆತನ. ಅವಳ ಮಾವನ ಕಾಲದಿಂದ ಮಂದೆ ಮೇಯುತ್ತಿದ್ದುದು ಇದೇ ಬಯಲಿನಲ್ಲಿ. ಸೋಲಾರ್ ಕಂಪನಿ ಬಂದಾಗ ಪಹಣಿ ಇದ್ದವರಿಗೆ ಗುತ್ತಿಗೆ ದುಡ್ಡು ಬಂತು, ಮೇಯಿಸಿಕೊಂಡಿದ್ದವರಿಗೆ ಬೇಲಿ ಬಂತು. ಅವಳ ಗಂಡ ಯತ್ತಪ್ಪ ಕುರಿಗಳನ್ನು ಮಾರಿ ಮಾರಿ, ಉಳಿದ ಅಷ್ಟಿಷ್ಟನ್ನು ಬೇಲಿಯ ಹೊರಗೆ ಸುತ್ತಾಡಿಸುತ್ತಾನೆ. ಈ ಕೂಲಿಯೂ ನಿಂತರೆ ಉಳಿದವೂ ಸಂತೆಯ ಪಾಲು. ಮಂದೆಯೇ ಹೋದಮೇಲೆ ತಾವು ಯಾರು ಅಂತ ಹೇಳಿಕೊಳ್ಳುವುದು ಎಂಬುದು ಪುಟ್ಟಕ್ಕನ ಭಯ. ಅದನ್ನು ಅವಳು ನನ್ನ ಹತ್ತಿರ ಎಷ್ಟೋ ಸಲ ಬಾಯಿಬಿಟ್ಟು ಹೇಳಿದ್ದಳು.

ಹಾಜರಿಯ ಕಥೆ ಇಷ್ಟು. ಬೆಳಿಗ್ಗೆ ಗೇಟಿನಲ್ಲಿ ಒಬ್ಬೊಬ್ಬರೂ ತಂತಮ್ಮ ಫೋನಿಗೆ ಮುಖ ತೋರಿಸಬೇಕು. ಹಸಿರು ಗೀಟು ಬಂದರೆ ಬಂದಂತೆ. ಒಂದು ಫೋನಿಗೆ ಒಂದೇ ಮುಖ, ನನ್ನ ಫೋನಿನಲ್ಲಿ ಇನ್ನೊಬ್ಬಳ ಹಾಜರಿ ಹತ್ತುವುದಿಲ್ಲ. ಕಂಟ್ರಾಕ್ಟರ್ ಮೊನ್ನೆ ಹೊಸ ಆ್ಯಪ್ ಬಿಟ್ಟ. ಹಳೆಯದು ನಿಂತುಹೋಯಿತು. ನಮ್ಮ ಫೋನುಗಳು ಹೇಗೋ ಹೊಸದನ್ನು ಇಳಿಸಿಕೊಂಡವು. ಪುಟ್ಟಕ್ಕನದು ಕೊರಟಗೆರೆ ಕಡೆ ಕೊಟ್ಟ ಮಗಳು ಯಶೋದ ಬಳಸಿ ಬಿಟ್ಟ ಫೋನು. ಎಷ್ಟು ಸಲ ಒತ್ತಿದರೂ ಅದು ಒಂದೇ ಮಾತು ಹೇಳುತ್ತಿತ್ತು: ಈ ಆ್ಯಪ್ ನಿಮ್ಮ ಸಾಧನಕ್ಕೆ ಹೊಂದಿಕೆಯಾಗುವುದಿಲ್ಲ.

ಅಂದೇ ಮಧ್ಯಾಹ್ನದ ಬಸ್ಸಿಗೆ ಅವಳನ್ನು ಪಾವಗಡಕ್ಕೆ ಕರೆದುಕೊಂಡು ಹೋದೆ. ಮೊಬೈಲ್ ಅಂಗಡಿಯವನು ಫೋನನ್ನು ಅತ್ತ ಇತ್ತ ತಿರುಗಿಸಿ, ಏನೇನೋ ಒತ್ತಿ ನೋಡಿ, ಗಲ್ಲಾದ ಮೇಲಿಟ್ಟ.

“ಇದ್ರದು ಮುಗೀತಕ್ಕ. ಫೋನ್ ಕಂಪನಿಯೋರು ಇದ್ಕೆ ಅಪ್‌ಡೇಟ್ ಕೊಡೋದು ನಿಲ್ಸಿಬುಟ್ಟವ್ರೆ. ಒಳಗಿರೋ ಆಂಡ್ರಾಯ್ಡ್ ಹಳೇದು. ಹೊಸಾ ಆ್ಯಪ್ ಇದ್ರಾಗೆ ಕೂರಲ್ಲ.”

“ಏನ್ ಕೆಟ್ಟೈತೆ ಹೇಳು, ರಿಪೇರಿ ಮಾಡು” ಎಂದಳು ಪುಟ್ಟಕ್ಕ.

“ಏನೂ ಕೆಟ್ಟಿಲ್ಲ.”

“ಮಾತು ಕೇಳುಸ್ತೈತೆ. ಫೋಟೋ ಬೀಳ್ತೈತೆ. ನನ್ ಮೊಮ್ಮಗ ದಿನಾ ಇದ್ರಾಗೇ ನಗ್ತಾನೆ. ಏನೂ ಕೆಡ್ದೆ ಮುಗಿಯೋದು ಅಂದ್ರೆ ಹೆಂಗಪ್ಪ?”

“ಅದು ಅಂಗೇ ಅಕ್ಕ. ಇಂತಿಷ್ಟು ವರ್ಷ ಅಂತ ಅವ್ರೇ ಇಟ್ಕಂಡಿರ್ತಾರೆ. ಆಮ್ಯಾಕೆ ಕೈ ಬುಟ್ಬುಡ್ತಾರೆ. ಹೊಸಾದು ತಗಳಿ, ಕಂತಿನ್ ಮ್ಯಾಲೆ ಕೊಡುಸ್ತೀನಿ.”

“ಫೋನ್ ತಗಳಾಕೆ ಕೂಲಿ ಬೇಕು, ಕೂಲಿ ಬರಾಕೆ ಫೋನ್ ಬೇಕು. ಯಾವ್ದು ಮೊದ್ಲು ತರ್ಲಿ ನೀನೇ ಹೇಳು.”

ಹುಡುಗ ಒಳ್ಳೆಯವನು, ದುಡ್ಡು ಕೇಳದೆ ಫೋನು ವಾಪಸು ಕೊಟ್ಟ. ವಾಪಸು ಬರುವಾಗ ಬಸ್ಸಿನಲ್ಲಿ ಪುಟ್ಟಕ್ಕ ಆ ಫೋನನ್ನು ಸೆರಗಿನಿಂದ ಒರೆಸುತ್ತಲೇ ಇದ್ದಳು, ಒರೆಸಿದರೆ ಹೊಸದಾಗುತ್ತದೆ ಎಂಬಂತೆ.

“ಹಲ್ಲು ಉದುರಿದ್ ಕುರೀನೂ ನಾವು ಸಂಜೆ ಎಣಿಕೇಗೆ ಸೇರುಸ್ತೀವಿ ಕಣೇ ವನಜಾ” ಎಂದಳು. “ಮಂದ್ಯಾಗೆ ನಿಂತಿದ್ರೆ ಐತೆ ಅಂತ್ಲೇ ಲೆಕ್ಕ. ಕಣ್ಮುಂದೆ ಇರೋದನ್ನ ಇಲ್ಲ ಅನ್ನೋದು ಯಾವ ಸೀಮೆ ನ್ಯಾಯನೇ?”

ಮಾರನೆಯ ದಿನ ಕಂಪನಿಯ ಎಂಜಿನಿಯರನ್ನೇ ಕೇಳೋಣ ಎಂದು ಆಫೀಸಿಗೆ ಹೋದೆವು. ಓಬಳರಾಜು ಬಾಗಿಲಲ್ಲೇ ತಡೆದ.

“ಚಪ್ಲಿ ಆಚೆ ಬುಡ್ರಿ. ಒಳಿಕ್ ಬರ್ಬ್ಯಾಡ್ರಿ, ಕೆಸರಾಯ್ತದೆ.”

ಚಪ್ಪಲಿಯನ್ನೂ ಬಿಟ್ಟೆವು, ಹೊರಗೂ ನಿಂತೆವು. ಒಳಗಿನಿಂದ ಎಸಿಯ ತಂಪು ಬಾಗಿಲವರೆಗೆ ಬಂದು ವಾಪಸು ಹೋಗುತ್ತಿತ್ತು. ಎಂಜಿನಿಯರ್ ಕಂಪ್ಯೂಟರಿನಿಂದ ಕಣ್ಣು ಎತ್ತದೆ ಕೇಳಿಸಿಕೊಂಡ.

“ನೋಡಮ್ಮಾ, ಹಳೇ ಫೋನ್ ಸೇಫ್ ಅಲ್ಲ. ಅಪ್‌ಡೇಟ್ ಇಲ್ಲ ಅಂದ್ರೆ ಡೇಟಾ ಕಳುವಾಗುತ್ತೆ. ನಿಮ್ಮ ಒಳ್ಳೇದಕ್ಕೇ ಈ ರೂಲ್ಸ್ ಮಾಡಿರೋದು.”

“ನನ್ ಫೋನಾಗೆ ಕದಿಯೋಂತದ್ದು ಏನೈತೆ ಸಾ? ನನ್ ಮುಖ ಒಂದೈತೆ. ಅದನ್ನ ನೀವು ಆಗ್ಲೇ ತಗಂಡಿದೀರ.”

“ಲೇ” ಎಂದು ಓಬಳರಾಜು ಮೈಮೇಲೆ ಬಂದ. “ಸಾಹೇಬ್ರ ಮುಂದೆ ಬಾಯಿ ಮಾಡ್ತೀಯಾ? ಕುರಿ ಹಿಕ್ಕೆ ಬಾಚೋ ಮುಂಡೆ, ನಿಂಗೆ ಡೇಟಾ ಬೇರೆ ಕೇಡು.”

ಎಂಜಿನಿಯರ್ ನಕ್ಕ. ಬೈದಿದ್ದಕ್ಕೆ ಅವನು ಬೇಡ ಎನ್ನಲಿಲ್ಲ.

“ಮೊದ್ಲಂಗೆ ಬುಕ್ಕಿನಾಗೆ ಬರ್ಕಳಿ ಸಾ. ಹೆಬ್ಬೆಟ್ ಒತ್ತೀನಿ.”

“ಈಗ ಬುಕ್ಕೆಲ್ಲ ಇಲ್ಲಮ್ಮ. ಹೊಸ ಫೋನ್ ತಗೊಂಡು ಬಾ, ಇಲ್ಲ ಅಂದ್ರೆ ಹೆಸರು ಹೋಗುತ್ತೆ.” ಅಷ್ಟು ಹೇಳಿ ಮತ್ತೆ ಕಂಪ್ಯೂಟರಿಗೆ ತಿರುಗಿದವನು, ಏನೋ ನೆನಪಾದಂತೆ ಕರೆದ. “ಹೋಗ್ತಾ ನನ್ನ ಕಾರಿನ ಗ್ಲಾಸ್ ಒರೆಸಿ ಹೋಗು. ಧೂಳಾಗಿದೆ.”

ಪುಟ್ಟಕ್ಕ ಬಿಸಿಲಲ್ಲಿ ನಿಂತು ಒರೆಸಿದಳು. ಮೂಲೆ ಮೂಲೆಗೂ ಬಟ್ಟೆ ಆಡಿಸಿ ಒರೆಸಿದಳು. ನನಗೆ ಆ ಗಾಜಿಗೆ ಒಂದು ಕಲ್ಲು ಬೀಸೋಣ ಅನ್ನಿಸಿತು. ಓಬಳರಾಜು ಹಿಂದೆಯೇ ಬಂದು ದನಿ ಇಳಿಸಿ ಹೇಳಿದ.

“ಸೋಮವಾರ ಮುಂಬೈಯಿಂದ ದೊಡ್ಡೋರು ಬರ್ತವ್ರೆ. ಅಲ್ಲೀಗಂಟ ರಸ್ತೆ ಬದಿ ಸಾಲೆಲ್ಲ ಚೆಂದಾಗಿ ತೊಳಿ. ಅವ್ರು ಮೆಚ್ಕಂಡ್ರೆ ನಾನೇ ನಿಂತು ನಿನ್ ಹಾಜರಿ ಹಾಕುಸ್ತೀನಿ.”

ಅವನ ಮಾತನ್ನು ನಾನು ನಂಬಲಿಲ್ಲ. ಪುಟ್ಟಕ್ಕ ನಂಬಿದಳು, ಅವಳಿಗೆ ನಂಬದೆ ಬೇರೆ ದಾರಿ ಇರಲಿಲ್ಲ. ದಿನಾ ನಮ್ಮೆಲ್ಲರಿಗಿಂತ ಮೊದಲು ಬಂದು ಗೇಟಿನಲ್ಲಿ ಫೋನು ಎತ್ತಿ ಹಿಡಿಯುತ್ತಿದ್ದಳು. ಅದು ಆಗಲ್ಲ ಎನ್ನುತ್ತಿತ್ತು. ಇವಳು ಒಳಗೆ ಹೋಗಿ ತೊಳೆಯುತ್ತಿದ್ದಳು. ಹಕ್ಕಿಯ ಹಿಕ್ಕೆ ಒಣಗಿ ಅಂಟಿಕೊಂಡಿದ್ದರೆ ನಾವು ಎರಡು ಸಲ ಉಜ್ಜಿ ಬಿಡುತ್ತಿದ್ದೆವು. ಅವಳು ಉಗುರಲ್ಲಿ ಕೆರೆದು ತೆಗೆಯುತ್ತಿದ್ದಳು. ಮಾಡುವ ಕೆಲಸ ನೋಡಿಯಾದರೂ ತಾನು ಬಂದಿದ್ದೇನೆ ಅಂತ ಯಾರಾದರೂ ಒಪ್ಪಿಯಾರು ಎಂಬ ಆಸೆ ಅವಳಿಗೆ.

ಸೋಮವಾರ ಬೆಳಿಗ್ಗೆ ರಸ್ತೆ ಬದಿಯ ಕೊನೆಯ ಫಲಕ ತೊಳೆದು ಮುಗಿಸುವ ಹೊತ್ತಿಗೆ ಸೂರ್ಯ ಮೇಲೆ ಬಂದಿದ್ದ. ಸಾಲುಗಳೆಲ್ಲ ಇನ್ನೂ ಹಸಿಯಾಗಿದ್ದವು, ಕೆರೆಯ ನೀರಿನಲ್ಲಿ ಕಂಡಂತೆ ಅವುಗಳಲ್ಲಿ ಆಕಾಶ ಕಾಣುತ್ತಿತ್ತು. ಓಬಳರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಬೈಕಿನಲ್ಲಿ ಬಂದ.

“ಪುಟ್ಟಕ್ಕ, ನೀನು ಈಗ ಆ ಹಿಂದ್ಲ ಟ್ಯಾಂಕರ್ ಗೇಟಿನಾಗೆ ಹೊಂಟೋಗು. ದೊಡ್ಡೋರು ಬರೋ ಟೈಮಾಯ್ತು. ಹಾಜರಿ ಇಲ್ದೋಳು ಒಳಗವ್ಳೆ ಅಂದ್ರೆ ನನ್ ಕೆಲ್ಸ ಹೋಯ್ತದೆ.”

“ಹಾಜರಿ ಹಾಕುಸ್ತೀನಿ ಅಂದಿದ್ದೆ.”

“ಅಂದಿದ್ದೆ, ಏನೀಗ? ಸಿಸ್ಟಮ್ ಒಪ್ಪಲ್ಲ. ನಿನ್ ಹೆಸ್ರು ನಿನ್ನೇನೇ ತೆಗ್ದವ್ರೆ. ನಾಳೆಯಿಂದ ಬರ್ಬ್ಯಾಡ.”

ಪುಟ್ಟಕ್ಕ ಬ್ರಷ್ಷನ್ನು ಫಲಕದ ಕಂಬಕ್ಕೆ ಒರಗಿಸಿದಳು.

“ಈ ಸಾಲು ತೊಳ್ದೋರು ಯಾರು ಅಂತ ಅವ್ರು ಕೇಳಿದ್ರೆ?”

“ಹಾಜರಿ ಇರೋರು ಯಾರೋ ತೊಳ್ದವ್ರೆ ಅಂತೀನಿ. ನೀನು ಬಂದೇ ಇಲ್ವಲ್ಲ.”

“ಸರಿ ಬುಡಣ್ಣ” ಎಂದಳು.

ಸಾಲುಗಳ ನಡುವೆ ಟ್ಯಾಂಕರ್ ಓಡಾಡಿ ಓಡಾಡಿ ರಸ್ತೆಯ ಮಣ್ಣು ಹಿಟ್ಟಾಗಿತ್ತು. ಅದರ ಮೇಲೆ ಬರಿಗಾಲಲ್ಲಿ ನಡೆದು ಪುಟ್ಟಕ್ಕ ಹಿಂದಿನ ಗೇಟಿಗೆ ಹೋದಳು. ಅಗುಳಿ ಎತ್ತಿದಳು. ಒಂದು ಬಾಗಿಲು ತೆಗೆದರೆ ಸಾಕಿತ್ತು, ಎರಡನ್ನೂ ಪೂರಾ ತಳ್ಳಿ ಕಲ್ಲು ಕೊಟ್ಟಳು. ಆಚೆ ಜಾಲಿ ಮರದ ಕೆಳಗೆ ಯತ್ತಪ್ಪ ಮಂದೆ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ.

ಪುಟ್ಟಕ್ಕ ನಾಲಿಗೆ ಹೊರಳಿಸಿ ಕುರಿ ಕರೆಯುವ ಸದ್ದು ಮಾಡಿದಳು. ಎಲ್ಲ ತಲೆಗಳೂ ಒಟ್ಟಿಗೆ ಎದ್ದವು. ಅವಳ ಗುರುತು ಹಿಡಿಯುವುದಕ್ಕೆ ಆ ಕುರಿಗಳಿಗೆ ಯಾವ ಅಪ್‌ಡೇಟೂ ಬೇಕಾಗಿರಲಿಲ್ಲ. ಯತ್ತಪ್ಪ “ಏಯ್, ಏಯ್” ಎನ್ನುವಷ್ಟರಲ್ಲಿ ಮುಂದಿನ ಟಗರು ಗೇಟು ದಾಟಿತ್ತು. ಹಸಿರು ಕಂಡ ಮಂದೆ ನಿಲ್ಲುತ್ತದೆಯೇ? ಒಂದನ್ನೊಂದು ತಳ್ಳಿಕೊಂಡು ರಸ್ತೆಯುದ್ದಕ್ಕೂ ಓಡಿ ಬಂದವು. ಕೆಂಪು ಧೂಳು ಎದ್ದು, ಮೇಲೇರಿ, ನಿಧಾನವಾಗಿ ಹಸಿ ಗಾಜಿನ ಮೇಲೆ ಇಳಿಯಿತು. ಇಳಿದದ್ದು ಅಲ್ಲೇ ಅಂಟಿಕೊಂಡು ಕೆಸರಾಯಿತು.

“ಯಾವ ಬೋಳಿಮಗ್ನೋ ಗೇಟ್ ತೆಗ್ದೋನು?” ಓಬಳರಾಜು ಬೈಕು ಬಿಸಾಕಿ ಓಡಿದ. ಒಂದು ಕಡೆ ಓಡಿಸಿದರೆ ಇನ್ನೊಂದು ಕಡೆ ನುಗ್ಗಿದವು, ಧೂಳು ಇನ್ನೂ ಎದ್ದಿತು. ಅವನು ನಮ್ಮ ಕಡೆ ತಿರುಗಿದ. “ನೋಡ್ತಾ ನಿಂತವ್ರಲ್ಲ ಬಿಕನಾಸಿಗಳು. ಓಡ್ಸ್ರೇ ಅವನ್ನ.”

ನಮ್ಮೆಲ್ಲರ ಹಾಜರಿಯೂ ಹತ್ತಿತ್ತು. ಆದರೂ ಒಬ್ಬಳೂ ಕದಲಲಿಲ್ಲ.

ಪುಟ್ಟಕ್ಕ ಗೇಟಿನಿಂದ ನಡೆದು ಬಂದು ತನ್ನ ಸಾಲಿನ ಮುಂದೆ ನಿಂತಳು.

“ಪೊಲೀಸ್ರಿಗೆ ಕೊಡ್ತೀನಿ ನಿನ್ನ” ಎಂದು ಓಬಳರಾಜು ಏದುಸಿರು ಬಿಟ್ಟ. “ಒಳಿಕ್ ನುಗ್ಗಿ ಹಾಳ್ ಮಾಡವ್ಳೆ ಅಂತ ಕೇಸ್ ಹಾಕುಸ್ತೀನಿ.”

“ನಾನೆಲ್ಲಣ್ಣ ಬಂದಿದೀನಿ?”

ಅವನು ಜೇಬಿನಿಂದ ಹೊಸ ಫೋನು ತೆಗೆದು ಅವಳ ಮುಖಕ್ಕೆ ಹಿಡಿದ. ಪುಟ್ಟಕ್ಕ ತಲೆಯ ಮೇಲಿನ ಸೆರಗು ಜಾರಿಸಿದಳು. ಮುಖದ ಧೂಳು ಒರೆಸಿಕೊಂಡು ಇನ್ನಷ್ಟು ಹತ್ತಿರ ಬಂದಳು.

“ತೆಗಿ. ತಾರೀಕು, ಟೈಮು ಎಲ್ಲಾ ಬೀಳಂಗೆ ತೆಗಿ. ಹಿಂದ್ಲ ಸಾಲೂ ಕಾಣ್ಲಿ. ದೊಡ್ಡೋರಿಗೆ ನೀನೇ ತೋರ್ಸು, ಪುಟ್ಟಕ್ಕ ಬಂದವ್ಳೆ ಅಂತ.”

ಓಬಳರಾಜು ಫೋನು ಹಿಡಿದವನು ಹಾಗೇ ನಿಂತ. ಒತ್ತಿದರೆ ಅವಳು ಬಂದಿದ್ದಕ್ಕೆ ಅವನೇ ಸಾಕ್ಷಿ, ಎತ್ತಿದ ಹೆಬ್ಬೆರಳು ಕೆಳಗೆ ಇಳಿಯಲಿಲ್ಲ. ಮುಂದಿನ ಗೇಟಿನ ಕಡೆಯಿಂದ ಕಾರುಗಳ ಹಾರನ್ ಕೇಳಿಸಿತು.

“ತೆಗಿಯಣ್ಣ” ಎಂದಳು ಪುಟ್ಟಕ್ಕ. “ಕುರಿ ಮೇಯ್ದು ಮುಗಿಯೋಗಂಟ ಇಲ್ಲೇ ಇರ್ತೀನಿ.”