ಒರೆಸದೆ ಬಿಟ್ಟ ತಗಡು

ವಿದ್ಯುತ್ ಗೋಪುರಗಳಿಗೆ ಮಂಜುಗಡ್ಡೆ ಅಂಟದಿರಲೆಂದು ತಯಾರಿಸಿದ ಲೇಪ ಪರೀಕ್ಷೆಯಲ್ಲಿ ಹನ್ನೊಂದು ಸಲ ಕೈಕೊಟ್ಟಿತ್ತು. ಹನ್ನೆರಡನೆಯ ಸಲವೂ ಮಂಜುಗಡ್ಡೆ ಅಂಟಿಕೊಂಡರೆ ಕೆಲಸ ನಿಲ್ಲಿಸಿ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದರು. ಪ್ರಯೋಗಾಲಯದಲ್ಲಿ ಲೇಪ ತಯಾರಿಸುತ್ತಿದ್ದವಳನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದರು. ಅವಳಿಗೆ ಇದು ಬರೀ ನೌಕರಿಯ ಮಾತಾಗಿರಲಿಲ್ಲ. ಅವಳ ಒಡಹುಟ್ಟಿದ ತಮ್ಮ ಚಳಿಗಾಲವಿಡೀ ವಿದ್ಯುತ್ ಗೋಪುರಗಳನ್ನು ಹತ್ತಿ ಮಂಜುಗಡ್ಡೆ ಒಡೆಯುವವನು. ಹೋದ ವರ್ಷ ಮೇಲಿನಿಂದ ಕಳಚಿದ ಗಡ್ಡೆಯೊಂದು ಅವನ ಭುಜ ಮುರಿದಿತ್ತು. ಮೂಳೆಯೇನೋ ಕೂಡಿಕೊಂಡಿತು, ಅಕ್ಕನ ಎದೆ ಮಾತ್ರ ಅಂದಿನಿಂದ ತಹಬದಿಗೆ ಬಂದಿರಲಿಲ್ಲ.

ಪರೀಕ್ಷೆಗೆ ಮುಂಚೆ ಲೇಪ ಬಳಿದ ತಗಡುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು ಅಲ್ಲಿನ ಪದ್ಧತಿ. ಆ ಕೆಲಸ, ನಿವೃತ್ತಿಗೆ ಎರಡೇ ತಿಂಗಳಿದ್ದ ಸಹಾಯಕರದು. ಅವರು ಎಲ್ಲರಿಗೂ ತಾತ. ತಗಡಿನ ಮೇಲೆ ಒಂದು ಬೆರಳ ಗುರುತು ಕಂಡರೂ ಅಕ್ಕ ತಾತನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಚೊಕ್ಕಟತನದ ವಿಷಯ ಬಂದರೆ ಅವಳಿಗೆ ಮೂಗಿನ ತುದಿಯಲ್ಲೇ ಕೋಪ.

ಹನ್ನೆರಡನೆಯ ಪರೀಕ್ಷೆಯ ದಿನ ಮೈನಸ್ ನಲವತ್ತರ ಶೀತಕೋಣೆಯಲ್ಲಿ ಮೂರು ತಗಡುಗಳ ಮೇಲೆ ನೀರು ಹೆಪ್ಪುಗಟ್ಟಿತ್ತು. ಮೊದಲೆರಡರ ಗಡ್ಡೆ ಜಪ್ಪಯ್ಯ ಎಂದರೂ ಕದಲಲಿಲ್ಲ. ಮೂರನೆಯ ತಗಡನ್ನು ಎತ್ತಿದ್ದೇ ತಡ, ಗಡ್ಡೆ ಸರ್ರನೆ ಜಾರಿ ಅಕ್ಕನ ಬೂಟಿನ ಮೇಲೆ ಬಿತ್ತು.

“ತಾತ, ಇದಕ್ಕೇನು ಮಾಡಿದ್ರಿ?”

ತಾತನ ಮುಖ ಸಪ್ಪಗಾಯಿತು. “ಬೈಬೇಡಮ್ಮ. ನೆಗಡಿ ಆಗಿ ತಲೆ ಭಾರ ಇತ್ತು, ಇದೊಂದನ್ನ ಒರೆಸೋದು ಮರೆತುಬಿಟ್ಟೆ. ಬಳಿದ ಮೇಲೆ ಇದು ಜಿಡ್ಡು ಬೆವರುತ್ತಲ್ಲ, ಪ್ರತಿ ಸಲ ಅದನ್ನೇ ಒರೆಸ್ತಿದ್ದೆ.”

ಅಕ್ಕ ಅಲ್ಲೇ ಕುಕ್ಕರಿಸಿದಳು. ಗಡ್ಡೆ ಜಾರಲೆಂದೇ ಲೇಪ ತನ್ನೊಳಗಿನ ಎಣ್ಣೆಯನ್ನು ಹೊರಬಿಡುತ್ತಿತ್ತು. ಇವರು ಅದನ್ನು ಕೊಳೆಯೆಂದು ತಿಳಿದು ಹನ್ನೊಂದು ಸಲ ಒರೆಸಿ ಹಾಕಿದ್ದರು. ಮತ್ತೆ ಐದು ತಗಡುಗಳನ್ನು ಒರೆಸದೆ ಇಟ್ಟು ನೋಡಿದಳು. ಐದರಲ್ಲೂ ಗಡ್ಡೆ ಜಾರಿತು.

“ನೀವು ಮರೆತದ್ದಕ್ಕೆ ನಾನು ಬದುಕಿರೋವರೆಗೂ ನಿಮಗೆ ಋಣಿ, ತಾತ,” ಎಂದಳು. ಅವಳ ಕಣ್ಣು ತುಂಬಿತ್ತು.

“ಮೂವತ್ತು ವರ್ಷ ನೆಟ್ಟಗೆ ಕೆಲಸ ಮಾಡಿದೆ, ಯಾರೂ ಒಂದು ಒಳ್ಳೆ ಮಾತಾಡಲಿಲ್ಲ. ಕೆಲಸ ತಪ್ಪಿಸಿದ್ದಕ್ಕೆ ಇದೇನಮ್ಮ,” ಎಂದು ತಾತ ಮೂಗು ಒರೆಸಿಕೊಂಡರು.

ವರದಿಯಲ್ಲಿ ಅಕ್ಕ ಅವರ ಹೆಸರನ್ನು ತನ್ನ ಹೆಸರಿಗಿಂತ ಮೇಲೆ ಬರೆದಳು. ಮುಂದಿನ ಚಳಿಗಾಲದ ಹೊತ್ತಿಗೆ ಗೋಪುರಗಳಿಗೆಲ್ಲ ಲೇಪ ಬಿದ್ದಿತ್ತು.

ಮೊದಲ ಹಿಮಗಾಳಿ ಬೀಸಿದ ಬೆಳಿಗ್ಗೆ ತಮ್ಮನಿಗೆ ಕೆಲಸದ ಕರೆ ಬರಲಿಲ್ಲ. ಎಂಟು ಗಂಟೆಯಾದರೂ ಅವನು ಮುಸುಕು ಹೊದ್ದು ಗೊರಕೆ ಹೊಡೆಯುತ್ತಿದ್ದ. ಟೀ ಹಿಡಿದು ಎಬ್ಬಿಸಲು ಬಂದ ಅಕ್ಕ ಬಾಗಿಲಲ್ಲೇ ನಿಂತಳು. ಟೀ ಆರಿಹೋಯಿತು, ಅವಳಿಗೆ ಅವನನ್ನು ಎಬ್ಬಿಸಲು ಮನಸ್ಸು ಬರಲಿಲ್ಲ.