ಕೇಳದೆ ತಿಳಿದವನು

ಗುಬ್ಬಿಯ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದ ಮಾಲಿನಿಯನ್ನು ತುಮಕೂರಿನ ತರಬೇತಿಗೆ ಹಾಕಿದಾಗ ಅವಳಿಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಮೊಬೈಲು, ಲ್ಯಾಪ್‌ಟಾಪು, ಸಿಸಿ ಕ್ಯಾಮೆರಾಗಳನ್ನು ಹ್ಯಾಕರ್‌ಗಳಿಂದ ಕಾಪಾಡಿಕೊಳ್ಳುವ ಮೇಲ್ಮಟ್ಟದ ತರಬೇತಿ ಅದು. ಕಲಿತು ಬಂದವರು ಉಳಿದವರಿಗೆ ಕಲಿಸಬೇಕು ಎಂದು ಪ್ರಿನ್ಸಿಪಾಲರು ಮೊದಲೇ ಹೇಳಿಬಿಟ್ಟಿದ್ದರು. ಅಲ್ಲಿನ ಬಟವಾಡಿಯಲ್ಲಿ ಕ್ಲಿನಿಕ್ಕೊಂದರ ಮೇಲಿನ ಹಾಲಿನಲ್ಲಿ ಕ್ಲಾಸು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ವಾಪಸ್ಸಾಗುವುದು.

ಸಂಜೆ ಗುಬ್ಬಿ ಸ್ಟ್ಯಾಂಡಿನಲ್ಲಿ ಗಂಡ ಪ್ರಭುದೇವ ಸ್ಕೂಟರ್ ನಿಲ್ಲಿಸಿಕೊಂಡು ಇರುತ್ತಿದ್ದ. ಅವನದು ಅಲ್ಲೇ ಮೋಟಾರು, ವೈರು, ಸ್ವಿಚ್ಚುಗಳ ಅಂಗಡಿ. ಬಸ್ಸು ತಡವಾದ ದಿನ ಅವನೂ ತಡವಾಗಿಯೇ ಬರುತ್ತಿದ್ದ. ಫೋನ್ ಮಾಡಿ ಎಲ್ಲಿದೀಯ ಎಂದು ಕೇಳಿದವನೇ ಅಲ್ಲ. ಇಂಥ ಗಂಡ ಎಲ್ಲರಿಗೂ ಸಿಗಲ್ಲ ಬಿಡಿ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಿದ್ದರು. ಮಾಲಿನಿಗೂ ಹಾಗೇ ಅನ್ನಿಸುತ್ತಿತ್ತು.

ತರಬೇತಿ ಕೊಡುತ್ತಿದ್ದವನು ಅಂಜನ್‌ಕುಮಾರ್, ಹಿಂದೆ ಪೊಲೀಸರ ಸೈಬರ್ ಲ್ಯಾಬಿನಲ್ಲಿದ್ದವನು. ಮೂರನೆಯ ದಿನ ಎಲ್ಲರ ಫೋನನ್ನೂ ಹಾಲಿನ ವೈಫೈಗೆ ಸೇರಿಸಲು ಹೇಳಿ, ಯಾವ ಫೋನಿನಿಂದ ಏನು ಎಲ್ಲಿಗೆ ಹೋಗುತ್ತಿದೆ ಎಂದು ಅವರವರ ಲ್ಯಾಪ್‌ಟಾಪಿನಲ್ಲೇ ನೋಡಲು ಕಲಿಸಿದ. ಉಳಿದವರದು ಜಾಹೀರಾತು, ವಾಟ್ಸ್ಆ್ಯಪ್ಪು, ಹವಾಮಾನ. ಮಾಲಿನಿಯ ಫೋನು ಮಾತ್ರ ಕೆಲವು ನಿಮಿಷಕ್ಕೊಮ್ಮೆ ಯಾವುದೋ ಅಪರಿಚಿತ ವಿಳಾಸಕ್ಕೆ ಏನನ್ನೋ ಕಳಿಸುತ್ತಲೇ ಇತ್ತು. ಅವಳೇ ಕೈಯೆತ್ತಿ ಅಂಜನ್‌ನನ್ನು ಕರೆದಳು. ಕ್ಲಾಸಿಗೆ ಒಳ್ಳೆಯ ಉದಾಹರಣೆ ಸಿಕ್ಕಿತು ಎಂದುಕೊಂಡಿದ್ದಳು.

ಅವನು ಸ್ಕ್ರೀನ್ ನೋಡಿದವನೇ ಲ್ಯಾಪ್‌ಟಾಪನ್ನು ಗೋಡೆಯ ಕಡೆಗೆ ತಿರುಗಿಸಿ, ಉಳಿದವರಿಗೆ ಟೀ ಬ್ರೇಕ್ ಎಂದ. ಎಲ್ಲರೂ ಹೊರಗೆ ಹೋದ ಮೇಲೆ ಅವಳ ಫೋನಿನ ಸೆಟ್ಟಿಂಗ್ಸ್ ಒಳಗೆ ಹೋಗಿ, ಚಿತ್ರವಿಲ್ಲದ, ಸಿಸ್ಟಮ್ ಹೆಸರಿಟ್ಟುಕೊಂಡು ಅಡಗಿದ್ದ ಒಂದು ಆ್ಯಪನ್ನು ತೋರಿಸಿದ. ಅದಕ್ಕೆ ಲೊಕೇಶನ್ ಗೊತ್ತು, ಮೆಸೇಜು ಗೊತ್ತು, ಮೈಕೂ ಗೊತ್ತು.

"ಇದು ಹೊರಗಿನ ಹ್ಯಾಕರ್ ಕೆಲಸ ಅಲ್ಲ ಮೇಡಂ. ಫೋನ್ ಕೈಯಲ್ಲಿ ಹಿಡ್ಕೊಂಡು ಹಾಕಿರೋದು. ನೀವು ಫೋನಲ್ಲಿ ಆಡೋ ಮಾತೂ ರೆಕಾರ್ಡ್ ಆಗ್ತಿದೆ" ಎಂದು ಮೆಲ್ಲಗೆ ಹೇಳಿದ.

ಹಾಕಿದ ತಾರೀಕೂ ಅಲ್ಲೇ ಇತ್ತು. ಮದುವೆಯ ಮೊದಲ ವಾರ್ಷಿಕೋತ್ಸವದ ಹಿಂದಿನ ದಿನ. ಆ ಫೋನು ಪ್ರಭುದೇವ ಕೊಟ್ಟ ಉಡುಗೊರೆ. ಎಲ್ಲ ಸೆಟ್ ಮಾಡಿಟ್ಟಿದೀನಿ, ನೀನು ಏನೂ ತಲೆ ಕೆಡಿಸಿಕೊಳ್ಳಬೇಡ ಎಂದು ಡಬ್ಬಿಯ ಸಮೇತ ಕೊಟ್ಟಿದ್ದ.

ಈಗಲೇ ತೆಗೆದರೆ ನೋಡುತ್ತಿರುವವರಿಗೆ ಗೊತ್ತಾಗುತ್ತದೆ, ಮನೆಯಲ್ಲಿ ಭಯವಿದ್ದರೆ ಮೊದಲು ಬೇರೆ ಕಡೆ ಇರುವ ವ್ಯವಸ್ಥೆ ಮಾಡಿಕೊಳ್ಳಿ, ದೂರು ಕೊಡುವುದಾದರೆ ಎಲ್ಲದರ ಫೋಟೋ ತೆಗೆದಿಟ್ಟುಕೊಳ್ಳಿ ಎಂದೆಲ್ಲ, ಫೋನನ್ನು ಅಲ್ಲೇ ಬಿಟ್ಟು ಬಾಗಿಲ ಬಳಿ ಬಂದ ಮೇಲೆ ಅಂಜನ್ ಹೇಳಿದ. ಭಯವೇನೂ ಇಲ್ಲ ಎಂದಳು ಮಾಲಿನಿ. ನಿಜವಾಗಿಯೂ ಇರಲಿಲ್ಲ. ಸಿಟ್ಟೂ ಬರಲಿಲ್ಲ. ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ತನ್ನದಲ್ಲ ಅನ್ನಿಸುತ್ತದಲ್ಲ, ಹಾಗೆ ಇಡೀ ಮೈ ಆಗಿತ್ತು. ಬ್ರೇಕ್ ಮುಗಿಸಿ ಬಂದವರ ಜೊತೆ ಕೂತು ಪಾಸ್‌ವರ್ಡಿನ ಪಾಠವನ್ನು ಪೂರ್ತಿ ಕೇಳಿದಳು. ಚೆನ್ನಾಗಿ ನೋಟ್ಸನ್ನೂ ಬರೆದುಕೊಂಡಳು.

ಸಂಜೆಯ ಬಸ್ಸಿನಲ್ಲಿ ಹಿಂದಿನ ವರ್ಷದ್ದು ನೆನಪಿಗೆ ಬಂತು. ಹೊಟ್ಟೆಯಲ್ಲಿದ್ದ ಕೂಸು ಉಳಿಯದೆ ಹೋದಾಗ ಅವಳು ಯಾರ ಮುಂದೆಯೂ ಅತ್ತಿರಲಿಲ್ಲ. ಒಂದು ಮಧ್ಯಾಹ್ನ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತ, ಕುಣಿಗಲ್ಲಿನಲ್ಲಿದ್ದ ಗೆಳತಿ ಶಶಿರೇಖಾಗೆ ಫೋನ್ ಮಾಡಿ, ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣೇ, ಅತ್ತೆ ಆ ಮಾತೆತ್ತಿದರೆ ಎದೆ ಹೊಡೆದುಕೊಳ್ಳುತ್ತೆ ಎಂದು ಅತ್ತಿದ್ದಳು. ಅದೇ ಸಂಜೆ ಪ್ರಭುದೇವ ತನ್ನ ತಾಯಿಯನ್ನು ಕೂರಿಸಿಕೊಂಡು, ಇನ್ನು ಮೇಲೆ ಮಗುವಿನ ಮಾತು ಈ ಮನೆಯಲ್ಲಿ ಬೇಡ ಅಂದುಬಿಟ್ಟ. ತಾನು ಒಂದು ಮಾತೂ ಹೇಳದೆ ತನ್ನ ಮನಸ್ಸು ತಿಳಿದುಕೊಂಡನಲ್ಲ ಎಂದು ಮಾಲಿನಿ ಅಂದು ಪೂಜೆಯ ಹೊತ್ತಿನಲ್ಲಿ ಶಿವನಿಗೆ ಕೈ ಮುಗಿದಿದ್ದಳು.

ಆಗಲೂ ಅವನು ಕೇಳಿಸಿಕೊಂಡಿದ್ದ.

ಮನೆಗೆ ಬಂದು ಕೈಕಾಲು ತೊಳೆದು, ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತಿದ್ದ ಗಂಡನ ಮುಂದೆ ಫೋನಿಟ್ಟಳು. ಅತ್ತೆ ಹೊರಗೆ ಹೋಗಿದ್ದರು.

"ಇದರೊಳಗಿರೋದು ನೀವೇ ಹಾಕಿದ್ದಾ?"

ಪ್ರಭುದೇವ ಸುಳ್ಳು ಹೇಳಲಿಲ್ಲ. ಲೋಟ ಕೆಳಗಿಟ್ಟ.

"ಅನುಮಾನಕ್ಕೆ ಹಾಕಿದ್ದಲ್ಲ ಕಣೇ, ದೇವರಾಣೆ. ನೀನು ಬಾಯಿ ಬಿಟ್ಟು ಏನೂ ಹೇಳಲ್ಲ. ನಿನಗೆ ಏನು ಬೇಕು, ಏನು ಬೇಡ ಅಂತ ಹೆಂಗೆ ತಿಳ್ಕೊಳ್ಳಲಿ?"

"ಕೇಳ್ಬೋದಿತ್ತು."

"ಕೇಳಿದ್ರೆ ಏನಿಲ್ಲ ಅಂತೀಯ."

ಅದೂ ನಿಜವೇ. ಮಾಲಿನಿ ಅವನ ಎದುರಿಗೇ ಕಲಿತದ್ದನ್ನೆಲ್ಲ ಒಂದೊಂದಾಗಿ ಮಾಡಿದಳು. ಫೋಟೋ ತೆಗೆದು ತನಗೇ ಇ-ಮೇಲ್ ಮಾಡಿಕೊಂಡಳು, ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದಳು, ಪಾಸ್‌ವರ್ಡುಗಳನ್ನು ಬದಲಿಸಿದಳು. ಅವನು ನೋಡುತ್ತ ಕೂತಿದ್ದ. ಆಮೇಲೆ ಅವಳು ಅನ್ನಕ್ಕಿಟ್ಟಳು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ತರಬೇತಿ ಮುಗಿಸಿಕೊಂಡು ಸಿ.ಎಸ್. ಪುರದ ತವರಿಗೆ ಹೋದಳು. ತಾಯಿ ಸರ್ವಮಂಗಳಮ್ಮ ಎಲ್ಲ ಕೇಳಿಸಿಕೊಂಡ ಮೇಲೆ ಕೇಳಿದರು.

"ಹೊಡೆದ್ನಾ?"

"ಇಲ್ಲಮ್ಮ."

"ಬೈದ್ನಾ? ಕುಡೀತಾನಾ?"

"ಇಲ್ಲ."

"ಮತ್ತಿನ್ನೇನವ್ವಾ?"

ಕಾಣದ ಕಳ್ಳ ಹೇಗೆ ನುಗ್ಗುತ್ತಾನೆ ಎಂದು ಮಾಲಿನಿ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಳು. ಕದ್ದದ್ದು ಏನು ಎಂದು ತಾಯಿ ಕೇಳಿದರೆ ಹೇಳಲು ಪದವಿರಲಿಲ್ಲ. ತಂದೆ ಚನ್ನವೀರಯ್ಯ ಮಠದ ಹಿರಿಯರೊಬ್ಬರ ಹತ್ತಿರ ಮಾತಾಡುತ್ತೇನೆ ಎಂದರು. ಬೇಡಪ್ಪ, ನಮ್ಮನೆಯವರ ಮೇಲೆ ನನಗೆ ಸಿಟ್ಟಿಲ್ಲ ಎಂದಳು. ಸಿಟ್ಟಿಲ್ಲದಿದ್ದರೆ ವಾಪಸ್ ಹೋಗು ಎಂದರು ಅವರು. ಹೋಗಲೂ ಮನಸ್ಸಿರಲಿಲ್ಲ.

ಆ ಹೊತ್ತಿಗೆ ಕುಣಿಗಲ್ಲಿನ ಕಾಲೇಜಿನಲ್ಲಿ ಈ ತರಬೇತಿ ಪಡೆದವರೊಬ್ಬರು ಬೇಕಾಗಿದ್ದರು. ಮಾಲಿನಿ ಅರ್ಜಿ ಕೊಟ್ಟಳು, ವರ್ಗಾವಣೆಯ ಆರ್ಡರೂ ಬಂತು. ಶಶಿರೇಖಾಳ ಮನೆಯ ಮಹಡಿಯಲ್ಲಿ ಒಂದು ರೂಮು. ಬೆಳಿಗ್ಗೆ ಎದ್ದು ಪಾಠ ಮಾಡಿ ಬರುವುದು, ಬಂದು ಮಲಗುವುದು. ಪೊಲೀಸರಿಗೆ ದೂರು ಕೊಡೇ ಎಂದು ಶಶಿರೇಖಾ ಹೇಳುತ್ತಲೇ ಇದ್ದಳು. ಫೋಟೋಗಳು ಇ-ಮೇಲಿನಲ್ಲಿ ಹಾಗೇ ಇದ್ದವು. ಕೊಡುವುದೂ ಬಿಡುವುದೂ ಅವಳಿಗೆ ಒಂದೇ ಆಗಿತ್ತು.

ಬೇಸಿಗೆ ಶುರುವಾದ ಮೇಲೆ ಒಂದು ಭಾನುವಾರ ಪ್ರಭುದೇವ ಕುಣಿಗಲ್ಲಿಗೆ ಬಂದ. ಮನೆಯ ಒಳಗೆ ಬರದೆ ಬೀದಿಯಲ್ಲೇ ನಿಂತು ಅವಳನ್ನು ಕರೆಸಿದ. ಕೆರೆಯ ಕಡೆಯ ಹೋಟೆಲಿನಲ್ಲಿ ದೋಸೆ ಹೇಳಿ ಎದುರು ಬದುರು ಕೂತರು. ಅವನು ಸೊರಗಿದ್ದ. ತಪ್ಪಾಯ್ತು ಎಂದ. ಅಮ್ಮನಿಗೂ ಎಲ್ಲ ಹೇಳಿದೀನಿ, ನೀನು ಯಾವಾಗ ಬಂದರೂ ಮನೆ ನಿನ್ನದೇ ಎಂದ. ಆಮೇಲೆ ನೀರಿನ ಲೋಟವನ್ನು ತಿರುಗಿಸುತ್ತ ಕೂತ.

"ಹೆಂಗಿದೀಯ ಮಾಲಿನಿ?"

ಅವಳು ಅವನ ಮುಖ ನೋಡಿದಳು. ಈ ಸಲ ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಉತ್ತರಕ್ಕಾಗಿ ಕಾಯುತ್ತಿದ್ದ.

ಹೇಳಬೇಕಾದ್ದು ಬೇಕಾದಷ್ಟಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಊಟದ ರುಚಿ ಹತ್ತುತ್ತಿರಲಿಲ್ಲ. ಅದನ್ನೆಲ್ಲ ಅವನಿಗೆ ಹೇಳಬೇಕು ಅನ್ನಿಸುತ್ತದೆಯೋ ಏನೋ ಎಂದು ಒಂದು ಕ್ಷಣ ತನ್ನೊಳಗೇ ನೋಡಿಕೊಂಡಳು. ಅನ್ನಿಸಲಿಲ್ಲ.

"ಚೆನ್ನಾಗಿದೀನಿ. ದೋಸೆ ತಣ್ಣಗಾಗುತ್ತೆ, ತಿನ್ನಿ" ಎಂದಳು.

ಅವನು ತಿಂದ. ಗುಬ್ಬಿಯ ಕಡೆ ಹೋಗಲು ಸ್ಟ್ಯಾಂಡಿನಲ್ಲಿ ತುಮಕೂರಿನ ಬಸ್ಸು ನಿಂತಿತ್ತು. ಅವನು ಹತ್ತಿ ಕೂತ ಮೇಲೆ ಮಾಲಿನಿ ತರಕಾರಿ ತೆಗೆದುಕೊಂಡು ಮನೆಯ ಕಡೆ ನಡೆದಳು. ಆಮೇಲೆ ಅವಳು ಗುಬ್ಬಿಗೆ ಹೋಗಲಿಲ್ಲ.