ಬೆಳಕಿಗೆ ಹಿಡಿದ ಹಲ್ಲು

"ಚಂದಕ್ಕಾ, ಬಾಟ್ಲಿ!"

ಲಾಡಬಿ ಕೂಗುವಷ್ಟರಲ್ಲಿ ಬಾಟಲಿ ಚಂದವ್ವನನ್ನು ದಾಟಿ ಹೋಗಿತ್ತು. ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಲಾಡಬಿಯೇ ಕೈ ಚಾಚಿ ಅದನ್ನು ಬೆಲ್ಟಿನಿಂದ ಎತ್ತಿದಳು. ದೀಪದ ಹಲಗೆಯ ಮುಂದೆ ಹಿಡಿದು ತಿರುಗಿಸಿದರೆ ಕತ್ತಿನ ಕೆಳಗೆ ಕೂದಲೆಳೆಯಷ್ಟು ಸೀಳು. ಗೋವೆಯ ಮಡ್ಕಯಿಯ ಆ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ಚಂದವ್ವ ಮಾಡುತ್ತ ಬಂದದ್ದು ಇದೊಂದೇ ಕೆಲಸ. ಔಷಧದ ಖಾಲಿ ಬಾಟಲಿಗಳು ಬೆಳಕಿನ ಮುಂದೆ ಸಾಲಾಗಿ ಬರುತ್ತವೆ. ಗುಳ್ಳೆ ಇದ್ದದ್ದನ್ನು, ಸೀಳಿದ್ದನ್ನು ಎತ್ತಿ ಡಬ್ಬಕ್ಕೆ ಹಾಕಬೇಕು. ಹೊಸ ಸೂಪರ್‌ವೈಸರ್ ಬಂದಾಗಲೆಲ್ಲ ಹಳಬರು ಅವಳನ್ನು ತೋರಿಸಿ, ಮಶೀನು ತಪ್ಪಿದರೂ ಈ ಹೆಣ್ಣುಮಗಳು ತಪ್ಪುವುದಿಲ್ಲ ಎಂದು ಹೇಳುತ್ತಿದ್ದರು. ಅದನ್ನು ಕೇಳಿಸದವಳಂತೆ ಕೂತು ಕೇಳಿಸಿಕೊಳ್ಳುವುದು ಚಂದವ್ವನಿಗೆ ಬಲು ಇಷ್ಟವಾಗಿತ್ತು.

ಈಗ ನೋಡಿದರೆ ಆ ಕಣ್ಣೇ ಮುಚ್ಚಿಕೊಳ್ಳುತ್ತಿತ್ತು. ಬಲಗಡೆಯ ಮೇಲಿನ ದವಡೆ ಹಲ್ಲು ಎರಡು ವರ್ಷದಿಂದ ಜೀವ ಹಿಂಡುತ್ತಿತ್ತು. ಲವಂಗ ಕಚ್ಚಿದ್ದಾಯಿತು, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಹೊಗೆಸೊಪ್ಪು ಸುಟ್ಟ ಮಿಶ್ರಿ ತಿಕ್ಕೀ ತಿಕ್ಕೀ ವಸಡೆಲ್ಲ ಕಪ್ಪಾಯಿತು. ನಿನ್ನೆಯಿಂದ ಕೆನ್ನೆ ಊದಿ, ಬಾವು ಮೇಲೇರಿ, ಬಲಗಣ್ಣು ಸೀಳಿನಷ್ಟೇ ತೆರೆದುಕೊಂಡಿತ್ತು.

"ಹಲ್ಲು ಕೀಳಿಸಿದ್ರ ಕಣ್ಣು ಹೋಗ್ತಾವ ಅಂತಿ," ಲಾಡಬಿ ಸೀಳು ಬಾಟಲಿಯನ್ನು ಅವಳ ಮೂಗಿನ ಮುಂದೆ ಹಿಡಿದಳು. "ಈಗ ಕೀಳಿಸಲಾರದನ ಕಣ್ಣು ಹೊಂಟೈತಲ್ಲ, ಅದಕ್ಕೇನಂತಿ?"

ಚಂದವ್ವ ಅದನ್ನು ಕಸಿದುಕೊಂಡು ಡಬ್ಬಕ್ಕೆ ಹಾಕಿದಳು. ಹೇಳಬೇಕಾದದ್ದನ್ನೆಲ್ಲ ಅವಳು ಎಂದೋ ಹೇಳಿಯಾಗಿತ್ತು. ಅವಳ ಅಪ್ಪ ಗೋಪಪ್ಪ ಇಳಕಲ್ಲಿನಲ್ಲಿ ಸೀರೆ ನೇಯುತ್ತಿದ್ದ. ಸಂತೆಯಲ್ಲಿ ಬಟ್ಟೆ ಹಾಸಿ, ಕಿತ್ತ ಹಲ್ಲುಗಳ ರಾಶಿ ಮುಂದಿಟ್ಟುಕೊಂಡು ಕೂರುತ್ತಿದ್ದ ಒಬ್ಬನ ಕೈಯಲ್ಲಿ ಮೇಲಿನ ದವಡೆ ಹಲ್ಲೊಂದನ್ನು ಕೀಳಿಸಿಕೊಂಡ. ಆರು ತಿಂಗಳಲ್ಲಿ ಬಲಗಣ್ಣು ಮಸುಕಾಯಿತು, ಅದರ ಹಿಂದೆಯೇ ಎಡಗಣ್ಣೂ. ಎಳೆ ಕಾಣದವನಿಗೆ ಮಗ್ಗ ಯಾಕೆ? ಮಗ್ಗ ಮಾರಿ ಮನೆಮಂದಿಯೆಲ್ಲ ದುಡಿಯಲು ಗೋವೆಗೆ ಬಂದರು. ಒಂದು ಹಲ್ಲು ಇಡೀ ಮನೆಯನ್ನೇ ಬೇರು ಸಮೇತ ಕಿತ್ತಿತ್ತು.

ಗೋಪಪ್ಪ ಆ ಹಲ್ಲನ್ನು ಬಿಸಾಡಲಿಲ್ಲ. ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ಖಾಲಿ ಮಾಡಿ ಅದರಲ್ಲಿಟ್ಟುಕೊಂಡ. ಗೋವೆಯ ಒಂದೇ ಕೋಣೆಯ ಕೋಲಿಯ ಬಾಗಿಲಲ್ಲಿ ಕೂತು, ಡಬ್ಬಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ನನ್ನ ಕಣ್ಣು ಇದರಾಗ ಐತಿ ಯವ್ವಾ, ಸತ್ತಾಗ ನನ್ನ ಕೂಡ ಇಡ್ರಿ" ಎನ್ನುತ್ತಿದ್ದ. ಅವನು ಸತ್ತ ದಿನ ಅಳುವ ಗದ್ದಲದಲ್ಲಿ ಡಬ್ಬಿ ಯಾರಿಗೂ ನೆನಪಾಗಲಿಲ್ಲ. ಹನ್ನೆರಡು ವರ್ಷದಿಂದ ಅದು ಚಂದವ್ವನ ಟ್ರಂಕಿನ ತಳದಲ್ಲಿತ್ತು. ಒಮ್ಮೆಯೂ ಮುಚ್ಚಳ ತೆಗೆದು ನೋಡುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಅವತ್ತು ಸಂಜೆ ಲಾಡಬಿ ಅವಳ ಕೈ ಬಿಡದೆ ಫೋಂಡಾದ ಬಸ್ಸು ಹತ್ತಿಸಿದಳು. ದವಾಖಾನೆಯ ಬಾಗಿಲಲ್ಲಿ ಚಂದವ್ವ ಎರಡು ಸಲ ಚಪ್ಪಲಿ ಬಿಟ್ಟು ಎರಡು ಸಲ ಮೆಟ್ಟಿಕೊಂಡಳು. ಒಳಗಿದ್ದ ಡಾಕ್ಟರು ಗೋವೆಯ ಹೆಣ್ಣುಮಗಳು, ನಾಲ್ವತ್ತರ ಆಸುಪಾಸು. ಇವರಿಬ್ಬರ ಗುಸುಗುಸು ಕೇಳಿ ನಕ್ಕಳು. "ಧಾರವಾಡದಾಗ ಐದು ವರ್ಷ ಓದೇನ್ರಿ. ಕನ್ನಡದಾಗ ಮಾತಾಡ್ರಿ, ತಿಳಿತೈತಿ." ಬಾವು ಇಳಿಯಲು ಐದು ದಿನದ ಗುಳಿಗೆ ಬರೆದಳು, ಬಾಯಿಯ ಫೋಟೊ ತೆಗೆಸಿಕೊಂಡು ಬರಲು ಹೇಳಿದಳು. ಫೋಟೊ ತೆಗೆಯುವಲ್ಲಿ ಯಂತ್ರವೊಂದು ಚಂದವ್ವನ ತಲೆಯ ಸುತ್ತ ಮೆಲ್ಲಗೆ ಪ್ರದಕ್ಷಿಣೆ ಹಾಕಿತು. ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು.

ಗುಳಿಗೆಗೆ ಬಾವು ಇಳಿಯಿತು, ನೋವೂ ಇಳಿಯಿತು. ಇಳಿದ ಕೂಡಲೇ ಚಂದವ್ವನ ಬುದ್ಧಿ ಹಳೆಯ ದಾರಿ ಹಿಡಿಯಿತು. "ಆರಾಮ ಆಗೈತಲ್ಲ, ಇನ್ಯಾಕ ಹೋಗೂದು?" ಎಂದು ಶುರು ಮಾಡಿದಳು. ಶನಿವಾರ ಲಾಡಬಿ ಅವಳ ಮನೆಯ ಮುಂದೆ ಬುರ್ಖಾ ತೊಟ್ಟು, ಚೀಲ ಹಿಡಿದು, ಗಟ್ಟಿಯಾಗಿ ನಿಂತುಬಿಟ್ಟಳು. ಆಮೇಲೆ ಹೋಗದೆ ಉಪಾಯವಿರಲಿಲ್ಲ.

ಡಾಕ್ಟರು ಫೋಟೊವನ್ನು ಗೋಡೆಯ ಮೇಲಿನ ಹಲಗೆಗೆ ಸಿಕ್ಕಿಸಿ ಸ್ವಿಚ್ ಒತ್ತಿದಳು. ಹಲಗೆ ಬೆಳ್ಳಗೆ ಬೆಳಗಿತು.

ಚಂದವ್ವ ಬೆರಗಾಗಿ ನಿಂತಳು. ದಿನಕ್ಕೆ ಎಂಟು ತಾಸು ತಾನು ನೋಡುವ ಬೆಳಕೇ ಅದು. ಹಲಗೆಯೂ ಅಂಥದ್ದೇ. ಬಾಟಲಿಗಳ ಜಾಗದಲ್ಲಿ ತನ್ನದೇ ಹಲ್ಲುಗಳು, ಬುಡದ ಬೇರು ಸಮೇತ ಸಾಲಾಗಿ ನಿಂತಿವೆ! ತನ್ನ ಚರ್ಮದ ಒಳಗೆ ಇಷ್ಟು ದಿನ ಇಷ್ಟೊಂದು ಇತ್ತೇ? ಯಾರೂ ಹೇಳದೆಯೇ ಅವಳ ಕಣ್ಣು ಎಡದಿಂದ ಬಲಕ್ಕೆ ಒಂದೊಂದನ್ನೇ ಸೋಸುತ್ತ ಹೋಯಿತು. ಒಂದು ಕಡೆ ನಿಂತಿತು. ಬೆರಳು ತಾನಾಗಿ ಎದ್ದಿತು.

"ಇಲ್ಲಿ. ಬೇರಿನ ತುದಿಗೆ. ಗುಳ್ಳಿ ಐತ್ರಿ."

ಡಾಕ್ಟರು ಅವಳ ಮುಖ ನೋಡಿದಳು. "ಅದನ್ನ ನಾನು ತೋರಿಸಬೇಕಂತಿದ್ದೆ. ನಿಮಗ ಹ್ಯಾಂಗ ತಿಳೀತು?"

"ಅದಽ ನನ್ನ ಕೆಲಸರಿ. ಇದು ನಡಿಯೂ ಮಾಲಲ್ಲ. ತಗೀಬೇಕು." ಹೇಳಿದ ಮೇಲೆ, ತಾನು ಹೇಳಿದ್ದು ಯಾವುದರ ಬಗ್ಗೆ ಎಂಬುದು ತಲೆಗೆ ಹೊಳೆದು ಚಂದವ್ವ ಚಾಚಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು. "ಡಾಕ್ಟರ್ ಬಾಯಾರ, ಈ ಬೇರು ಕಣ್ಣಿಗೆ ಎಲ್ಲಿ ಕೂಡ್ಯಾವ, ತೋರಸ್ರಿ."

"ಕೂಡಿಲ್ಲ. ನೀವಽ ನೋಡ್ರಿ." ಡಾಕ್ಟರು ಪೆನ್ನಿನ ತುದಿಯನ್ನು ಬೇರಿನ ಮೇಲೆ ಇಟ್ಟು ನಿಧಾನವಾಗಿ ಮೇಲಕ್ಕೆ ತಂದಳು. "ಬೇರು ಇಲ್ಲಿಗೆ ಮುಗೀತು. ಕಣ್ಣಿನ ಗೂಡು ಇಲ್ಲಿ, ಮ್ಯಾಲೆ. ನಡುವ ಈ ಕಪ್ಪಗ ಕಾಣೂದು ಖಾಲಿ ಕೋಣಿ. ಬರೇ ಗಾಳಿ."

"ಕೋಣಿ? ನನ್ನ ಮಾರ್‍ಯಾಗ?"

"ಎಲ್ಲಾರ ಮಾರ್‍ಯಾಗೂ ಇರತೈತಿ."

ಚಂದವ್ವ ಕೆನ್ನೆಯ ಮೇಲೆ ಅಂಗೈ ಇಟ್ಟುಕೊಂಡಳು. ಹತ್ತು ಅಡಿಯ ಕೋಲಿಯಲ್ಲಿ ಐದು ಜನರ ನಡುವೆ ಬಾಳುವೆ ಮಾಡಿದ್ದಳು. ಆಗಲೂ ತನ್ನ ಮೋರೆಯೊಳಗೆ ಯಾರೂ ಕಾಲಿಡದ ಕೋಣೆಯೊಂದು ಖಾಲಿ ಇತ್ತು. ಲಾಡಬಿ ಕೂಡ ಬುರ್ಖಾದ ಅಂಚಿನಿಂದ ಮೆಲ್ಲಗೆ ತನ್ನ ಕೆನ್ನೆ ಒತ್ತಿ ನೋಡಿಕೊಂಡಳು. ಒಂದೂ ದಾರವಿಲ್ಲ, ಒಂದೂ ನರವಿಲ್ಲ, ಹಲಗೆಯ ಮೇಲೆ ಅಷ್ಟು ಸ್ಪಷ್ಟವಾಗಿತ್ತು. ಚಂದವ್ವನಿಗೆ ಡಾಕ್ಟರ ಮಾತು ಸುಳ್ಳಾಗಬಹುದಿತ್ತು, ತನ್ನ ಕಣ್ಣು ಕಂಡದ್ದು ಹೇಗೆ ಸುಳ್ಳಾದೀತು?

"ಹಂಗಾದ್ರ ನಮ್ಮಪ್ಪಂದು?" ಎಂದು ಸಂತೆಯ ಕಥೆಯನ್ನು ಹೇಳಿದಳು.

"ಕಣ್ಣು ಬೆಳ್ಳಗ ಆಗಿದ್ವೇನು?"

"ಹೂಂರಿ. ಹಾಲಿನ ಹನಿ ಬಿದ್ದಂಗ."

ಡಾಕ್ಟರು ಕೈಗವಸು ಹಾಕಿಕೊಳ್ಳುತ್ತಿದ್ದವಳು ಸ್ವಲ್ಪ ತಡೆದಳು. "ನಾ ಕಣ್ಣಿನ ಡಾಕ್ಟರ್ ಅಲ್ಲ. ಖರೇ, ಅದು ಪೊರಿ ಇರಬೇಕು. ವಯಸ್ಸಾದವರಿಗೆ ಬರತೈತಿ. ಹಲ್ಲು ಕೀಳಸದಿದ್ರೂ ಬರತಿತ್ತು."

ಪೊರೆ ತೆಗೆಸಿಕೊಂಡವರು ಚಂದವ್ವನ ಮನೆಯ ಸಾಲಿನಲ್ಲೇ ಇಬ್ಬರಿದ್ದರು. ಕಪ್ಪು ಕನ್ನಡಕ ಹಾಕಿಕೊಂಡು ನಾಲ್ಕು ದಿನ ಮನೆಯಲ್ಲಿ ಕೂತು, ಮತ್ತೆ ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರು. ಅಪ್ಪನದನ್ನೂ ತೆಗೆಸಬಹುದಿತ್ತೇ ಎಂದು ಕೇಳಲು ಬಾಯಿ ತೆರೆದವಳು ಕೇಳದೆ, ಹಾಗೆಯೇ ಕುರ್ಚಿಗೆ ಒರಗಿ ಬಾಯಿ ತೆರೆದೇ ಇಟ್ಟಳು.

ಸೂಜಿ ಚುಚ್ಚಿ, ಕೆನ್ನೆ ಜೋಮು ಹಿಡಿದ ಮೇಲೆ ಡಾಕ್ಟರು ದೀಪವನ್ನು ಎಳೆದು ಮುಖದ ಮೇಲೆ ತಂದಳು. "ಕಣ್ಣು ಮುಚ್ಚಿಕೋರಿ, ಬೆಳಕು ಚುಚ್ಚತೈತಿ."

ಚಂದವ್ವ ಒಲ್ಲೆನೆಂದು ತಲೆಯಾಡಿಸಿದಳು. ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ, ಬಲಗಣ್ಣನ್ನು ಆ ದೀಪಕ್ಕೆ ನೆಟ್ಟಳು. ಹೋಗುವುದಾದರೆ ಹೋಗುವುದನ್ನು ನೋಡಿಯೇ ಬಿಡುತ್ತೇನೆ ಎಂಬ ಹಟ. ಇಕ್ಕಳ ಬಾಯಿಗೆ ಹೋಯಿತು. ದವಡೆಯನ್ನು ಯಾರೋ ಅತ್ತಿತ್ತ ಅಲುಗಿಸಿದಂತಾಯಿತು, ತಲೆಯೊಳಗೆ ಕರಕರ ಸದ್ದಾಯಿತು. ಕಣ್ಣಿನಿಂದ ನೀರು ಸುರಿಯಿತು, ಆದರೂ ರೆಪ್ಪೆ ಬಡಿಯಲಿಲ್ಲ. ಲಾಡಬಿ ಅವಳ ಕಾಲು ಹಿಡಿದುಕೊಂಡು ಏನೋ ಜಪಿಸುತ್ತಿದ್ದಳು. ದೀಪ ಉರಿಯುತ್ತಲೇ ಇತ್ತು. ತಟ್ಟೆಯಲ್ಲಿ ಠಣ್ ಎಂದಾಗಲೂ ಅದು ಉರಿಯುತ್ತಲೇ ಇತ್ತು. ಒಳಗಿನ ಸಣ್ಣ ಬಲ್ಬುಗಳನ್ನು ಸಹ ಒಂದೊಂದಾಗಿ ಎಣಿಸಬಹುದಿತ್ತು. ಚಂದವ್ವ ಎಣಿಸಿದಳು. ಆರು.

ಅರಳೆ ಕಚ್ಚಿಕೊಂಡಿದ್ದ ಅವಳು ಮಾತಾಡುವಂತಿರಲಿಲ್ಲ. ತಟ್ಟೆಯತ್ತ ಕೈ ತೋರಿಸಿ, ಹಲ್ಲನ್ನು ಕಾಗದದಲ್ಲಿ ಕಟ್ಟಿಸಿಕೊಂಡಳು. ಬಸ್ಸಿನಲ್ಲಿ ಲಾಡಬಿ ದಾರಿಯುದ್ದಕ್ಕೂ ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ, "ಅದೇನೈತಿ? ಇದೇನೈತಿ?" ಎಂದು ತೆಂಗಿನಮರ, ಅಂಗಡಿಯ ಬೋರ್ಡು, ಎಮ್ಮೆಯ ಬೆನ್ನಿನ ಮೇಲಿನ ಬೆಳ್ಳಕ್ಕಿಯನ್ನೆಲ್ಲ ತೋರಿಸಿದಳು. ಚಂದವ್ವ ಪ್ರತಿಯೊಂದಕ್ಕೂ ಕಾಣುತ್ತದೆಂದು ತಲೆಯಾಡಿಸಿದಳು.

ಮನೆಗೆ ಬಂದವಳು ಸೀದಾ ಟ್ರಂಕು ಎಳೆದು, ತಳದಿಂದ ಸುಣ್ಣದ ಡಬ್ಬಿ ತೆಗೆದಳು. ಹಿತ್ತಾಳೆ ಕಿಲುಬು ಹಿಡಿದಿತ್ತು. ಮುಚ್ಚಳ ಬಿಡಿಸಲು ಸೆರಗು ಸುತ್ತಿ ತಿರುಗಿಸಬೇಕಾಯಿತು. ಒಳಗೆ ಸುಣ್ಣದ ಪುಡಿ ಮೆತ್ತಿಕೊಂಡ ಹಲ್ಲು. ಉಫ್ ಎಂದು ಊದಲೂ ಅರಳೆ ಬಿಡದು. ಹೆಬ್ಬೆರಳಿನಿಂದ ಒರೆಸಿದಳು.

ಅಪ್ಪ ಸದಾ ಕೂರುತ್ತಿದ್ದ ಬಾಗಿಲಿಗೆ ಸಂಜೆಯ ಬಿಸಿಲು ನೇರವಾಗಿ ಬೀಳುತ್ತಿತ್ತು. ಚಂದವ್ವ ಹೊಸ್ತಿಲ ಮೇಲೆ ಕೂತು, ಕಾಗದ ಬಿಚ್ಚಿ ತನ್ನ ಹಲ್ಲನ್ನು ಸೀರೆಯ ಮೇಲಿಟ್ಟುಕೊಂಡಳು. ಅಪ್ಪನ ಹಲ್ಲನ್ನು ಎರಡು ಬೆರಳುಗಳ ನಡುವೆ ಹಿಡಿದು ಬಿಸಿಲಿಗೆ ಎತ್ತಿದಳು. ಎಡಗಣ್ಣು ಮುಚ್ಚಿದಳು. ಬಾಟಲಿ ತಿರುಗಿಸುವ ಹಾಗೆ, ಅವಸರವಿಲ್ಲದೆ, ಪೂರ್ತಿ ಒಂದು ಸುತ್ತು ತಿರುಗಿಸಿದಳು. ಮೂರು ಬೇರು, ನಡುವೆ ಬಿಸಿಲು.

ಇನ್ನೊಂದು ಸುತ್ತು ತಿರುಗಿಸಿದಳು.